ಅಜ್ಜಿ ಮಸ್ಕತ್ತಿಗೆ ಬಂದಾಗ: ಒಮಾನಿ ಊಟ-ತಿಂಡಿಯ ಪರಿಚಯ



ಡಿಸೆಂಬರ್ ಬಂತು ಅಂದರೆ ನಮ್ಮ ವಾದಿ ಅದಾಯ್‌ನ ಎಷ್ಟೋ ಮನೆಗಳಿಗೆ ಊರಿಂದ ಅಜ್ಜ-ಅಜ್ಜಿ ಬರುತ್ತಾರೆ. ಅವರನ್ನು ಮತ್ರಾ ಸಮುದ್ರ ತೀರಕ್ಕೆ, ಸುಲ್ತಾನ್ ಕಾಬೂಸ್ ಮಸೀದಿಗೆ, ರಜೆ ಇದ್ದರೆ ನಿಜ್ವಾ ಕೋಟೆಗೆ ಕರೆದುಕೊಂಡು ಹೋಗುತ್ತೇವೆ. ಸುತ್ತಾಡಿ ಹಸಿವಾದ ಮೇಲೆ ಎಲ್ಲಿಗೆ ಹೋಗ್ತೀವಿ ಹೇಳಿ? ಸೀದಾ ರೂವಿಯ ದೋಸೆ ಹೋಟೆಲಿಗೆ! ಒಂದು ತಿಂಗಳು ಇಲ್ಲಿದ್ದ ಅಜ್ಜಿ ಎರಡು ಪ್ಯಾಕೆಟ್ ಖರ್ಜೂರ ಹಿಡಿದುಕೊಂಡು ವಾಪಸ್ ಹೋಗುತ್ತಾರೆ. ಊರಲ್ಲಿ ಯಾರಾದರೂ "ಅಲ್ಲಿಯವರು ಏನು ಊಟ ಮಾಡ್ತಾರೆ?" ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ನಿಮ್ಮ ಹತ್ತಿರ ಇದೆಯಾ? ನಮ್ಮ ಶುಕ್ರವಾರದ ತರಗತಿಯಲ್ಲಿ ಇದೇ ಪ್ರಶ್ನೆ ಕೇಳಿದಾಗ ಮಕ್ಕಳೆಲ್ಲ ಒಟ್ಟಿಗೆ "ಶವರ್ಮಾ!" ಅಂದರು. ಶವರ್ಮಾ ಇಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತದೆ ನಿಜ, ಆದರೆ ಅದು ಟರ್ಕಿ, ಸಿರಿಯಾ, ಲೆಬನಾನ್ ಕಡೆಯಿಂದ ಬಂದ ತಿಂಡಿ. ಮಂದಿ ಯೆಮೆನ್ ದೇಶದ್ದು. ನೀವು ಕುಡಿಯೋ ಕರಕ್ ಚಹಾ ನಮ್ಮವರೇ ತಂದದ್ದು. ಹಾಗಾದರೆ ಒಮಾನಿನದು ಯಾವುದು? ಅದನ್ನೇ ಈ ಲೇಖನದಲ್ಲಿ ನೋಡೋಣ. ಮುಂದಿನ ಸಲ ಅಜ್ಜ-ಅಜ್ಜಿ ಬಂದಾಗ ಗೈಡ್ ಕೆಲಸ ನಿಮ್ಮದು.

ಮೊದಲು ನಮ್ಮ ಮನೆಯ ಒಂದು ತಪ್ಪು

ನಾನು ಶಿರಸಿ ಕಡೆಯವನು, ನಮ್ಮದು ಸಸ್ಯಾಹಾರಿ ಮನೆ. ವಾದಿ ಅದಾಯ್‌ಗೆ ಬಂದ ಮೊದಲ ವರ್ಷ ಈದ್ ಹಬ್ಬದ ದಿನ ಪಕ್ಕದ ಮನೆಯ ಹಿರಿಯರು ಒಂದು ದೊಡ್ಡ ತಟ್ಟೆ ತುಂಬ ಊಟ ಕಳಿಸಿದರು. ತಂದವನು ಅವರ ಮೊಮ್ಮಗ, ಏಳೆಂಟು ವರ್ಷದವನು. ಮುಚ್ಚಿದ ತಟ್ಟೆಯಲ್ಲಿ ಏನಿದೆ ಅಂತ ಕೇಳಲಿಕ್ಕೆ ನನಗೆ ಅರಬಿ ಬರುತ್ತಿರಲಿಲ್ಲ. ಮಾಂಸ ಇರಬಹುದು ಅಂದುಕೊಂಡು ಬಾಗಿಲಲ್ಲೇ ಕೈ ಅಲ್ಲಾಡಿಸಿ "ನೋ, ನೋ" ಅಂದುಬಿಟ್ಟೆ. ಹುಡುಗ ಮುಖ ಚಿಕ್ಕದು ಮಾಡಿಕೊಂಡು ತಟ್ಟೆ ಹಿಡಿದು ಹಾಗೇ ಹಿಂದಿರುಗಿದ.

ಆಮೇಲೆ ಎರಡು ವರ್ಷ ಆ ಮನೆಯಿಂದ ಏನೂ ಬರಲಿಲ್ಲ. ಎದುರು ಸಿಕ್ಕಾಗ "ಸಲಾಂ" ಅನ್ನುವಷ್ಟೇ ಪರಿಚಯ. ನಮ್ಮೂರಲ್ಲಿ ಹಬ್ಬದ ದಿನ ಅಮ್ಮ ಕೊಟ್ಟ ಕಜ್ಜಾಯವನ್ನು ಯಾರಾದರೂ ಬಾಗಿಲಿಂದಲೇ ವಾಪಸ್ ಕಳಿಸಿದ್ದರೆ ನಮಗೆ ಹೇಗನ್ನಿಸುತ್ತಿತ್ತು? ಮಾಂಸ ತಿನ್ನದೇ ಇದ್ದದ್ದು ತಪ್ಪಲ್ಲ. ಮನೆಗೆ ಬಂದದ್ದನ್ನು ಹೇಗೆ ಸ್ವೀಕರಿಸಬೇಕು, ಬೇಡ ಅನ್ನುವುದಾದರೆ ಹೇಗೆ ಹೇಳಬೇಕು ಅಂತ ಕಲಿಯದೇ ಇದ್ದದ್ದು ತಪ್ಪು. ನೀವು ಆ ತಪ್ಪು ಮಾಡಬೇಡಿ ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಕಹ್ವಾ: ಕಪ್ ಅಲ್ಲಾಡಿಸುವ ತನಕ ಬರುತ್ತಲೇ ಇರುತ್ತದೆ

ಒಮಾನಿ ಮನೆಗೆ ಹೋದರೆ ಮೊದಲು ಬರುವುದು ಕಹ್ವಾ ಮತ್ತು ಖರ್ಜೂರ. ಕಹ್ವಾ ಅಂದರೆ ಕಾಫಿ. ಆದರೆ ನಮ್ಮ ಫಿಲ್ಟರ್ ಕಾಫಿಯ ಹಾಗಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ. ಏಲಕ್ಕಿ ಹಾಕಿ ಕುದಿಸುತ್ತಾರೆ, ಕೆಲವರು ಲವಂಗ, ಕೇಸರಿ ಅಥವಾ ಗುಲಾಬಿ ನೀರನ್ನೂ ಸೇರಿಸುತ್ತಾರೆ. ಕಹಿ ಇರುತ್ತದೆ, ಅದಕ್ಕೇ ಜೊತೆಗೆ ಸಿಹಿ ಖರ್ಜೂರ. ಒಂದು ಕಚ್ಚು ಖರ್ಜೂರ, ಒಂದು ಗುಟುಕು ಕಹ್ವಾ. ಆಗ ಎರಡರ ರುಚಿಯೂ ಗೊತ್ತಾಗುತ್ತದೆ.

ಉದ್ದ ಕೊಕ್ಕಿನ ಕಾಫಿ ಹೂಜಿಗೆ ದಲ್ಲಾ ಅನ್ನುತ್ತಾರೆ. ಹಿಡಿ ಇಲ್ಲದ ಪುಟ್ಟ ಕಪ್ ಫಿಂಜಾನ್. ಬಡಿಸುವವರು ಎಡಗೈಯಲ್ಲಿ ದಲ್ಲಾ ಹಿಡಿದು, ಬಲಗೈಯಿಂದ ಫಿಂಜಾನ್ ಕೊಡುತ್ತಾರೆ. ನಾವೂ ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಕಪ್ ತುಂಬ ಹಾಕುವುದಿಲ್ಲ, ತಳದಲ್ಲಿ ಸ್ವಲ್ಪವೇ ಇರುತ್ತದೆ. ಜಿಪುಣತನ ಅಂದುಕೊಳ್ಳಬೇಡಿ. ಸ್ವಲ್ಪ ಸ್ವಲ್ಪ ಹಾಕಿದರೆ ಪ್ರತಿ ಸಲವೂ ಬಿಸಿ ಇರುತ್ತದೆ, ಪದೇ ಪದೇ ಉಪಚಾರ ಮಾಡುವುದಕ್ಕೂ ಆಗುತ್ತದೆ.

ಈಗ ಮುಖ್ಯ ಸಂಗತಿ. ಕಪ್ ಖಾಲಿಯಾದ ಕೂಡಲೇ ಮತ್ತೆ ಹಾಕುತ್ತಾರೆ. ಸಾಕು ಅನ್ನಿಸಿದರೆ ಬಾಯಲ್ಲಿ ಹೇಳಬೇಕಾಗಿಲ್ಲ. ಖಾಲಿ ಫಿಂಜಾನನ್ನು ಆ ಕಡೆ ಈ ಕಡೆ ಎರಡು ಸಲ ಮೆಲ್ಲಗೆ ಅಲ್ಲಾಡಿಸಿ ವಾಪಸ್ ಕೊಡಬೇಕು, ಅಷ್ಟೇ. ನನ್ನ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕು ಅಂದರೆ, ಕಪ್ ಅಲ್ಲಾಡಿಸದಿದ್ದರೆ ಲೂಪ್ ನಿಲ್ಲುವುದಿಲ್ಲ! ಸಾಮಾನ್ಯವಾಗಿ ಒಂದರಿಂದ ಮೂರು ಫಿಂಜಾನ್ ಕುಡಿಯುತ್ತಾರೆ. ಒಂದನ್ನೂ ಕುಡಿಯದೆ ಎದ್ದು ಬರುವುದು ಮಾತ್ರ ಚೆನ್ನಾಗಿರುವುದಿಲ್ಲ.

ಈ ಕಾಫಿ ಉಪಚಾರವನ್ನು 2015ರಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮಾನ್, ಸೌದಿ ಅರೇಬಿಯಾ, ಯುಎಇ, ಕತಾರ್ ನಾಲ್ಕೂ ದೇಶಗಳು ಸೇರಿ ಕೇಳಿಕೊಂಡಿದ್ದವು.

ಖರ್ಜೂರ ಮತ್ತು ನಮ್ಮ ಉತ್ತತ್ತಿ

ಖರ್ಜೂರ ಅಂದರೆ ಪ್ಯಾಕೆಟ್ಟಿನಲ್ಲಿ ಸಿಗುವ ಒಂದೇ ಒಂದು ಹಣ್ಣು ಅಂದುಕೊಂಡಿದ್ದೀರಾ? ನಮ್ಮಲ್ಲಿ ಮಾವಿನಹಣ್ಣಿಗೆ ಆಪೂಸ್, ರಸಪುರಿ, ಮಲ್ಲಿಕಾ ಅಂತ ಇರುವ ಹಾಗೆ ಇಲ್ಲಿ ಖರ್ಜೂರಕ್ಕೆ ಖಲಾಸ್, ಫರ್ದ್, ಖುನೈಜಿ, ಖಸಾಬ್ ಅಂತ ತಳಿಗಳಿವೆ. ಖಲಾಸ್ ಮೃದು, ಜೇನಿನ ಬಣ್ಣ. ಫರ್ದ್ ಕಡು ಕಂದು. ಬೇಸಿಗೆಯಲ್ಲಿ ಮರದಿಂದ ಆಗ ತಾನೇ ಇಳಿಸಿದ ರಸಭರಿತ ಹಣ್ಣಿಗೆ ರುತಬ್ ಅಂತಲೂ, ಒಣಗಿ ವರ್ಷವಿಡೀ ಇರುವ ಹಣ್ಣಿಗೆ ತಮ್ರ್ ಅಂತಲೂ ಹೆಸರು. ಜೂನ್-ಜುಲೈನಲ್ಲಿ ರಜೆಗೆ ಊರಿಗೆ ಹೋಗುವ ಮೊದಲು ಒಂದು ಸಲವಾದರೂ ರುತಬ್ ತಿಂದು ಹೋಗಿ.

ಮಬ್ಸಲಿ ಅನ್ನುವ ಇನ್ನೊಂದು ತಳಿ ಇದೆ. ಶರ್ಖಿಯಾ ಕಡೆಯ ಹಳ್ಳಿಗಳಲ್ಲಿ ಅದನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ದೊಡ್ಡ ತಾಮ್ರದ ಹಂಡೆಗಳಲ್ಲಿ ನೀರಿನಲ್ಲಿ ಬೇಯಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಈ ಕೆಲಸಕ್ಕೆ ತಬ್ಸೀಲ್ ಅಂತ ಹೆಸರು, ಆ ದಿನಗಳಲ್ಲಿ ಊರಿಗೆ ಊರೇ ಸೇರುತ್ತದೆ. ಹೀಗೆ ಒಣಗಿಸಿದ ಗಟ್ಟಿ ಖರ್ಜೂರ ಮೊದಲಿನಿಂದಲೂ ಹಡಗು ಹತ್ತಿ ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತಕ್ಕೇ. ನಿಮ್ಮ ಅಜ್ಜಿಯ ಅಡುಗೆಮನೆಯ ಡಬ್ಬಿಯಲ್ಲಿ, ಬಾಣಂತಿ ಲೇಹ್ಯದಲ್ಲಿ, ಪೂಜೆಯ ತಟ್ಟೆಯಲ್ಲಿ ಇರುವ ಉತ್ತತ್ತಿ ನೆನಪಿದೆಯಾ? ಇದೂ ಅದೇ ಜಾತಿಯದು.

ಇನ್ನೊಂದು ತಮಾಷೆ ಕೇಳಿ. ಹುಣಸೆಹಣ್ಣಿಗೆ ಅರಬಿಯಲ್ಲಿ ಏನನ್ನುತ್ತಾರೆ ಗೊತ್ತಾ? 'ತಮ್ರ್ ಹಿಂದಿ', ಅಂದರೆ 'ಹಿಂದೂಸ್ತಾನದ ಖರ್ಜೂರ'. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಇದರಿಂದಲೇ. ಅವರ ಖರ್ಜೂರ ನಮಗೆ ಉತ್ತತ್ತಿಯಾಯಿತು, ನಮ್ಮ ಹುಣಸೆ ಅವರಿಗೆ ಖರ್ಜೂರವಾಯಿತು.

ಹಲ್ವಾ: ಎರಡು ಗಂಟೆ ಕೈಬಿಡದೆ ತಿರುವಬೇಕು

ಒಮಾನಿ ಹಲ್ವಾ ಅಂಟಂಟಾಗಿ, ಹೊಳೆಯುತ್ತಾ ಇರುತ್ತದೆ. ನಮ್ಮ ಗೋಧಿ ಹಾಲಿನ ಹಲ್ವಾ ತಿಂದವರಿಗೆ ಹೊಸದು ಅನ್ನಿಸುವುದಿಲ್ಲ. ಸಕ್ಕರೆ, ನೀರು, ಪಿಷ್ಟ, ತುಪ್ಪ, ಏಲಕ್ಕಿ, ಕೇಸರಿ, ಗುಲಾಬಿ ನೀರು, ಗೋಡಂಬಿ-ಬಾದಾಮಿ ಇವೆಲ್ಲ ಸೇರಿ ದೊಡ್ಡ ತಾಮ್ರದ ಕಡಾಯಿಯಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಕುದಿಯುತ್ತವೆ. ಅಷ್ಟು ಹೊತ್ತೂ ಉದ್ದನೆಯ ಸಟ್ಟುಗದಿಂದ ತಿರುವುತ್ತಲೇ ಇರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಕೇಸರಿ ಹಾಕಿದ್ದು ಹಳದಿ, ಕಂದು ಸಕ್ಕರೆಯದು ಕಪ್ಪು. ಬರ್ಕಾ ಮತ್ತು ನಿಜ್ವಾ ಊರುಗಳು ಹಲ್ವಾಕ್ಕೆ ಹೆಸರುವಾಸಿ. ಅಂಗಡಿಯಲ್ಲಿ ಕೇಳಿದರೆ ಪುಟ್ಟ ಚಮಚದಲ್ಲಿ ರುಚಿ ನೋಡಲು ಕೊಡುತ್ತಾರೆ, ಸಂಕೋಚ ಬೇಡ.

ಹೀಗೆ ಮಾಡಿದ ಹಲ್ವಾವನ್ನು ಫ್ರಿಜ್ಜಿನಲ್ಲಿ ಇಡದೆ ತಿಂಗಳುಗಟ್ಟಲೆ ಇಡಬಹುದು. ಯಾಕೆ ಕೆಡುವುದಿಲ್ಲ ಹೇಳಿ ನೋಡೋಣ? ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಬದುಕಲು ನೀರು ಬೇಕು. ಹಲ್ವಾದಲ್ಲಿರುವ ಅಲ್ಪಸ್ವಲ್ಪ ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಂಡಿರುತ್ತದೆ. ಬೆಲ್ಲ ಕೆಡದಿರುವುದೂ ಇದೇ ಕಾರಣಕ್ಕೆ. ಅಜ್ಜಿ ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಸಿಹಿ ಇಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಡಬ್ಬಿಯ ಮೇಲೆ ನಿಮ್ಮ ಕಣ್ಣಿರಲಿ!

ಹಲ್ವಾದ ಗುಲಾಬಿ ನೀರಿಗೆ ಹೆಸರಾದದ್ದು ಜಬಲ್ ಅಖ್ದರ್, ಅಂದರೆ 'ಹಸಿರು ಬೆಟ್ಟ'. ಏಪ್ರಿಲ್ ಆಸುಪಾಸಿನಲ್ಲಿ ಅಲ್ಲಿ ಗುಲಾಬಿ ಅರಳುತ್ತದೆ. ಎಸಳುಗಳನ್ನು ಮಣ್ಣಿನ ಒಲೆಯ ಮೇಲೆ ಬೇಯಿಸಿ, ಆ ಹಬೆಯನ್ನು ತಣಿಸಿ ನೀರಾಗಿಸುತ್ತಾರೆ. ಮೂಗಿಗೆ ಹಿಡಿದರೆ ಗುಲಾಬಿಯ ಜೊತೆ ಸ್ವಲ್ಪ ಹೊಗೆಯ ವಾಸನೆಯೂ ಬರುತ್ತದೆ.

ದೊಡ್ಡ ತಟ್ಟೆಯ ಊಟ

ಒಮಾನಿ ಊಟಕ್ಕೆ ನೆಲದ ಮೇಲೆ ಕೂರುತ್ತಾರೆ. ಮಧ್ಯದಲ್ಲಿ ಒಂದೇ ದೊಡ್ಡ ತಟ್ಟೆ, ಸುತ್ತಲೂ ಎಲ್ಲರೂ. ಬಲಗೈಯಲ್ಲಿ, ನಮ್ಮ ಮುಂದಿನ ಭಾಗದಿಂದಷ್ಟೇ ತಿನ್ನಬೇಕು. ಪಕ್ಕದವರ ಕಡೆಗೆ ಕೈ ಹಾಕಬಾರದು. ಚಪ್ಪಲಿ ಹೊರಗೆ, ಕೈ ತೊಳೆದು ಕೂರುವುದು. ಇದೆಲ್ಲ ನಮ್ಮ ಅಜ್ಜಂದಿರಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

ಹಬ್ಬದ ರಾಜ ಅಂದರೆ ಶುವಾ. ಮೇಕೆ ಅಥವಾ ಕುರಿ ಮಾಂಸಕ್ಕೆ ಮಸಾಲೆ ಹಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ, ಖರ್ಜೂರದ ಗರಿಯಿಂದ ಹೆಣೆದ ಚೀಲಕ್ಕೆ ತುಂಬುತ್ತಾರೆ. ನೆಲದೊಳಗೆ ತೋಡಿದ ಗುಂಡಿಯಲ್ಲಿ ಬೆಂಕಿ ಮಾಡಿ, ಕೆಂಡದ ಮೇಲೆ ಚೀಲಗಳನ್ನಿಟ್ಟು, ಮುಚ್ಚಿ, ಒಂದೆರಡು ದಿನ ಹಾಗೇ ಬಿಡುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಗುಂಡಿ. ತಮ್ಮ ಚೀಲ ಯಾವುದು ಅಂತ ಗೊತ್ತಾಗಲು ಗುರುತು ಹಾಕಿರುತ್ತಾರೆ.

ಕರಾವಳಿಯ ಮಕ್ಕಳೇ, ನಿಮಗೆ ಮಶುವೈ ಇಷ್ಟವಾಗುತ್ತದೆ. ಇಡೀ ಮೀನನ್ನು ಸುಟ್ಟು, ನಿಂಬೆ ಅನ್ನದ ಜೊತೆ ಬಡಿಸುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವ ಕನಆದ್ ಮೀನು ನಿಮ್ಮ ಮಂಗಳೂರಿನ ಅಂಜಲ್ಲೇ! ಬೆಳಿಗ್ಗೆ ಬೇಗ ಎದ್ದು ಮತ್ರಾ ಮೀನು ಮಾರುಕಟ್ಟೆಗೆ ಅಜ್ಜನನ್ನು ಕರೆದುಕೊಂಡು ಹೋಗಿ ನೋಡಿ, ಅವರು ಒಂದೊಂದೇ ಮೀನಿನ ಹೆಸರನ್ನು ತುಳುವಿನಲ್ಲಿ ಹೇಳುತ್ತಾ ಹೋಗುತ್ತಾರೆ.

ಖುಬ್ಜ್ ರಖಾಲ್ ಅನ್ನುವುದು ಕಾಗದದಷ್ಟು ತೆಳ್ಳಗಿನ ರೊಟ್ಟಿ. ಬಿಸಿ ಕಬ್ಬಿಣದ ಹಂಚಿನ ಮೇಲೆ ಹಿಟ್ಟನ್ನು ಕೈಯಿಂದಲೇ ಸವರಿ ಎಬ್ಬಿಸುತ್ತಾರೆ. ನಮ್ಮ ಕಡೆಯ ತೆಳ್ಳೇವಿಗೆ ದೂರದ ಅಣ್ಣ. ಬೆಳಿಗ್ಗೆ ತುಪ್ಪ, ಜೇನು ಹಚ್ಚಿಕೊಂಡು ತಿನ್ನುತ್ತಾರೆ. ಜೊತೆಗೆ ಕುಡಿಯಲು ಲಬನ್, ಅಂದರೆ ಮಜ್ಜಿಗೆ. ಸಂಜೆಗೆ ದಂಗೊ, ಖಾರ ಹಾಕಿ ಬೇಯಿಸಿದ ಕಡಲೆಕಾಳು, ನಮ್ಮ ಉಸಲಿಯ ಹಾಗೆ. ಸಿಹಿಗೆ ಲುಕೈಮಾತ್, ಎಣ್ಣೆಯಲ್ಲಿ ಕರಿದ ಪುಟ್ಟ ಉಂಡೆಗಳ ಮೇಲೆ ಖರ್ಜೂರದ ಪಾಕ. ಪೂರ್ವ ಆಫ್ರಿಕಾದ ಜಾಂಜಿಬಾರ್ ಒಂದು ಕಾಲಕ್ಕೆ ಒಮಾನಿನ ಸುಲ್ತಾನರ ರಾಜಧಾನಿಯೇ ಆಗಿತ್ತು. ಅಲ್ಲಿಂದ ಬಂದ ಮಂದಾಜಿ ಅನ್ನುವ ಕರಿದ ತಿಂಡಿಯನ್ನು ತಿಂದರೆ ನಿಮಗೆ ಮಂಗಳೂರು ಬನ್ಸ್ ನೆನಪಾಗುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು

ಇದು ನಮ್ಮಂಥವರಿಗೆ ಬಹಳ ಮುಖ್ಯ. ಕಣ್ಣಿಗೆ ಕಂಡದ್ದನ್ನು ನಂಬಬೇಡಿ. ಹರೀಸ್ ಅನ್ನುವ ಅಡುಗೆ ನೋಡಲು ಥೇಟ್ ಉತ್ತರ ಕರ್ನಾಟಕದ ಗೋಧಿ ಹುಗ್ಗಿ. ಆದರೆ ಅದು ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಗುರುತೇ ಸಿಗದ ಹಾಗೆ ಕುಟ್ಟಿ ಮಾಡಿದ್ದು. (ಇದೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.) ಬಿಳಿ ಅನ್ನವಲ್ಲದ ಬಣ್ಣದ ಅನ್ನವನ್ನು ಎಷ್ಟೋ ಸಲ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ. ಹಲ್ವಾಕ್ಕೂ ಕೆಲವರು ಮೊಟ್ಟೆ ಹಾಕುತ್ತಾರೆ.

ಹಾಗಾಗಿ ಈ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ:

ಫೀಹ್ ಲಹಮ್? – ಇದರಲ್ಲಿ ಮಾಂಸ ಇದೆಯಾ?
ಫೀಹ್ ದಜಾಜ್? – ಕೋಳಿ ಇದೆಯಾ?
ಫೀಹ್ ಸಮಕ್? – ಮೀನು ಇದೆಯಾ?
ಫೀಹ್ ಬೈದ್? – ಮೊಟ್ಟೆ ಇದೆಯಾ?
ಅನಾ ನಬಾತಿ – ನಾನು ಸಸ್ಯಾಹಾರಿ (ಹುಡುಗಿಯರು 'ನಬಾತಿಯ್ಯಾ' ಅನ್ನಬೇಕು)
ಶುಕ್ರನ್ – ಧನ್ಯವಾದ
ಬಸ್ – ಸಾಕು

ಬರೀ 'ಲಹಮ್' ಅಂತ ಕೇಳಿದರೆ ಸಾಲದು. ಮಾಮೂಲಿ ಮಾತಿನಲ್ಲಿ ಅದು ಕುರಿ, ದನದ ಮಾಂಸಕ್ಕಷ್ಟೇ ಅನ್ವಯಿಸುತ್ತದೆ. ಕೋಳಿ, ಮೀನು ಬೇರೆಯಾಗಿಯೇ ಕೇಳಬೇಕು. ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೂ ತಿನ್ನಬಾರದ ಪದಾರ್ಥಗಳಿವೆ, ಆದ್ದರಿಂದ ಆಹಾರದ ನಿಯಮ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಏನೂ ತಿನ್ನಲಾಗದಿದ್ದರೆ ಖರ್ಜೂರ, ಕಹ್ವಾ ತೆಗೆದುಕೊಳ್ಳಿ. ಅಷ್ಟಾದರೆ ಆತಿಥ್ಯ ಸ್ವೀಕರಿಸಿದ ಹಾಗೇ.

ರಂಜಾನ್ ತಿಂಗಳಲ್ಲಿ ಅಜ್ಜ-ಅಜ್ಜಿ ಬಂದರೆ ಒಂದು ಮಾತು ಮೊದಲೇ ಹೇಳಿಡಿ. ಹಗಲು ಹೊತ್ತಿನಲ್ಲಿ ರಸ್ತೆ, ಪಾರ್ಕ್‌ಗಳಲ್ಲಿ ತಿನ್ನುವುದು, ನೀರು ಕುಡಿಯುವುದು ಕೂಡದು. ಮನೆಯೊಳಗೆ ತೊಂದರೆಯಿಲ್ಲ.

ಅಮ್ಮ ಹಿಡಿದ ಪರಿಮಳ

ಮೂರನೆಯ ವರ್ಷ ನನ್ನ ಅಮ್ಮ ಶಿರಸಿಯಿಂದ ಬಂದಳು. ಅವಳಿಗೆ ಅರಬಿಯೂ ಬಾರದು, ಇಂಗ್ಲಿಷೂ ಬಾರದು, ಸಂಕೋಚವೂ ಇಲ್ಲ. ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಅಂಗಳದಲ್ಲಿ ಕೂತು ಕೈಸನ್ನೆಯಲ್ಲಿ ಕರೆದದ್ದೇ ತಡ, ಹೋಗಿ ಕೂತುಬಿಟ್ಟಳು. ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅಮ್ಮನ ಕೈಯಲ್ಲಿ ಫಿಂಜಾನ್. ಮೂಗಿನ ಹತ್ತಿರ ಹಿಡಿದು ನನ್ನ ಕಡೆ ತಿರುಗಿ, "ತಮಾ, ಇದು ನಮ್ಮನೆ ತೋಟದ ಯಾಲಕ್ಕಿ ವಾಸ್ನೆ ಅಲ್ದನಾ?" ಅಂದಳು.

ಕಪ್ ಅಲ್ಲಾಡಿಸುವ ವಿಷಯ ಅವಳಿಗೂ ಗೊತ್ತಿಲ್ಲ, ಆಗ ನನಗೂ ಗೊತ್ತಿಲ್ಲ. ಹಾಕಿದ್ದನ್ನು ಬಿಡಬಾರದು ಅಂತ ಅಮ್ಮ ಕುಡಿದಳು, ಕಪ್ ಖಾಲಿ ಇಡಬಾರದು ಅಂತ ಅವರು ಹಾಕಿದರು. ಆರನೆಯ ಫಿಂಜಾನಿಗೆ ಅವರ ಮೊಮ್ಮಗ, ಅದೇ ಹುಡುಗ, ನಗುತ್ತಾ ಬಂದು ಕಪ್ ಅಲ್ಲಾಡಿಸಿ ತೋರಿಸಿದ. ಅವತ್ತು ಎಲ್ಲರೂ ನಕ್ಕದ್ದೇ ನಕ್ಕದ್ದು. ಅಂದಿನಿಂದ ಅವರು ನಮ್ಮ ಮಕ್ಕಳಿಗೆ 'ಖಾಲಾ', ಅಂದರೆ ಚಿಕ್ಕಮ್ಮ-ದೊಡ್ಡಮ್ಮ.

ಅಮ್ಮ ಹೇಳಿದ್ದು ಬರೀ ಮಾತಲ್ಲ. ಏಲಕ್ಕಿ ಗಿಡದ ತವರು ನಮ್ಮ ಪಶ್ಚಿಮ ಘಟ್ಟ. ಇಲ್ಲಿನ ಅಂಗಡಿಗಳಲ್ಲಿ ಈಗ ಗ್ವಾಟೆಮಾಲಾ ದೇಶದ ಏಲಕ್ಕಿಯೂ ಸಿಗುತ್ತದೆ, ಆದರೆ ಆ ಗಿಡವೂ ಮೂಲದಲ್ಲಿ ಘಟ್ಟದ್ದೇ. ಅರಬಿಯಲ್ಲಿ ಏಲಕ್ಕಿಗೆ ಹೇಲ್ ಅನ್ನುತ್ತಾರೆ. ನಮ್ಮ 'ಏಲ'ಕ್ಕಿ, ಸಂಸ್ಕೃತದ 'ಏಲಾ', ಅವರ 'ಹೇಲ್', ಮೂರನ್ನೂ ಒಟ್ಟಿಗೆ ಹೇಳಿ ನೋಡಿ, ನಂಟು ಕೇಳಿಸುತ್ತದೆ. ಕೆಳದಿ ಅರಸರ ಕಾಲದಲ್ಲಿ ಬಸ್ರೂರು, ಮಂಗಳೂರು ಬಂದರುಗಳಿಂದ ಅಕ್ಕಿ ಮಸ್ಕತ್ತಿಗೆ ಬರುತ್ತಿತ್ತು. 1780ರ ದಶಕದಲ್ಲಿ ಟಿಪ್ಪು ಸುಲ್ತಾನ ಇಲ್ಲೊಂದು ವ್ಯಾಪಾರದ ಕೋಠಿಯನ್ನೇ ತೆರೆದಿದ್ದ. ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧ ಅಲ್ಲಿಂದ ಬರುತ್ತಿದ್ದವು. ಕಾಫಿ ಮಾತ್ರ ಆ ಕಡೆ ಹೋದದ್ದು. ಯೆಮೆನ್ ದೇಶದ ಮೋಖಾ ಬಂದರಿನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅಂತ ನಮ್ಮಲ್ಲಿ ಹೇಳುತ್ತಾರಲ್ಲ. 'ಕಾಫಿ' ಅನ್ನುವ ಮಾತೂ 'ಕಹ್ವಾ'ದಿಂದಲೇ ಬಂದದ್ದು. ಅಂದರೆ ಆ ಪುಟ್ಟ ಕಪ್ಪಿನಲ್ಲಿ ಅವರದೂ ಇದೆ, ನಮ್ಮದೂ ಇದೆ.

ಮನೆಯಲ್ಲಿ ಮಾಡಿ ನೋಡಿ: ಕಹ್ವಾ

(ಒಲೆಯ ಹತ್ತಿರ ದೊಡ್ಡವರು ಇರಲಿ.) ಮೂರು ಕಪ್ ನೀರು ಕುದಿಸಿ. ಎರಡು ದೊಡ್ಡ ಚಮಚ ಕಾಫಿಪುಡಿ ಹಾಕಿ. ಚಿಕೋರಿ ಬೆರೆಸಿದ ಪುಡಿ ಬೇಡ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಯಲಿ. ಐದಾರು ಏಲಕ್ಕಿ ಕುಟ್ಟಿ ಹಾಕಿ, ಇನ್ನೆರಡು ನಿಮಿಷ ಬಿಡಿ. ಇಳಿಸಿ, ನಾಲ್ಕು ಎಸಳು ಕೇಸರಿ, ಒಂದು ಚಿಕ್ಕ ಚಮಚ ಗುಲಾಬಿ ನೀರು ಸೇರಿಸಿ. ಚರಟ ತಳ ಸೇರಿದ ಮೇಲೆ ಸೋಸಿ, ಚಿಕ್ಕ ಕಪ್ಪಿಗೆ ಸ್ವಲ್ಪವೇ ಹಾಕಿ. ಮೊದಲು ಮನೆಯ ಹಿರಿಯರಿಗೆ ಕೊಡಿ. ಮಕ್ಕಳಿಗೆ ಒಂದು ಗುಟುಕು ಸಾಕು, ಖರ್ಜೂರ ಎಷ್ಟು ಬೇಕಾದರೂ ತಿನ್ನಿ!

ಕಳೆದ ಯುಗಾದಿಗೆ ನಾವು ಖಾಲಾ ಮನೆಗೆ ಹೋಳಿಗೆ ಕೊಟ್ಟೆವು. ಖಾಲಾ ತುಂಡು ಮುರಿದು, ಒಳಗಿನ ಹೂರಣ ನೋಡಿ, "ಫೀಹ್ ಲಹಮ್?" ಅಂತ ಕೇಳಿ ಕಣ್ಣು ಮಿಟುಕಿಸಿದರು. ಮರುದಿನ ನಮ್ಮ ತಟ್ಟೆ ವಾಪಸ್ ಬಂತು, ಖಾಲಿಯಾಗಿ ಅಲ್ಲ, ತುಂಬ ಖರ್ಜೂರ ಇತ್ತು. ಕೊಟ್ಟ ಪಾತ್ರೆ ಖಾಲಿ ಮರಳಿಸಬಾರದು ಅನ್ನುವುದು ಇಲ್ಲೂ ಇದೆ ನೋಡಿ.

ಈ ಸಲ ನಿಮಗೊಂದು ಮನೆಕೆಲಸ. ನಿಮ್ಮ ಅಕ್ಕಪಕ್ಕದ ಒಮಾನಿ ಮನೆಯವರ ಹತ್ತಿರ ಅವರ ಅಜ್ಜಿ ಮಾಡುವ ಒಂದು ತಿಂಡಿಯ ಹೆಸರು ಕೇಳಿಕೊಂಡು, ಅದನ್ನು ಕನ್ನಡದಲ್ಲಿ ಬರೆದು ತನ್ನಿ. ಶುಕ್ರವಾರ ತರಗತಿಯಲ್ಲಿ ಓದೋಣ. ಕಹ್ವಾ ನಾನು ತರುತ್ತೇನೆ, ಕಪ್ ಅಲ್ಲಾಡಿಸುವುದನ್ನು ಮರೆಯಬೇಡಿ!